ಕೆಂಪು ಡಬ್ಬಿ, ನೀಲಿ ಡಬ್ಬಿ

ಫೆಬ್ರವರಿ 6

ಪುಟ್ಟಿ,

ಫೋನೇ ಇಲ್ಲದ ಊರಿಗೆ ಹೋಗಿ ಕೂತುಬಿಟ್ಟರೆ ಅಕ್ಕನ ಬೈಗುಳ ತಪ್ಪುತ್ತದೆ ಎಂದುಕೊಂಡಿದ್ದೆಯಾ? ಅಂಚೆಯಣ್ಣ ಇನ್ನೂ ಓಡಾಡಿಕೊಂಡಿದ್ದಾನೆ, ನನ್ನ ಪೆನ್ನಿನಲ್ಲಿ ಶಾಯಿಯೂ ಇದೆ. ಬರೆದು ಬೈಯುವುದೇ ಒಂದು ರೀತಿಯಲ್ಲಿ ಅನುಕೂಲ, ನಡುವೆ ನೀನು ಬಾಯಿ ಹಾಕುವ ಹಾಗಿಲ್ಲ.

ನೀನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದ ಚೀಟಿಯನ್ನು ಮೊದಲು ನೋಡಿದ್ದು ನಿನ್ನ ಭಾವ. ‘ಅಲೆಗಳಿಲ್ಲದ ಕಡೆಗೆ ಹೋಗುತ್ತಿದ್ದೇನೆ, ಹುಡುಕಬೇಡಿ’ ಎಂದಷ್ಟೇ ಬರೆದರೆ ಓದಿದವರ ಎದೆ ಏನಾಗಬೇಡ? ಅವರು ಚಪ್ಪಲಿ ಕೂಡ ಹಾಕಿಕೊಳ್ಳದೆ ಬಸ್ ನಿಲ್ದಾಣದವರೆಗೆ ಓಡಿದ್ದರು. ನಿನ್ನ ವಿಳಾಸ ಸಿಗಲು ಒಂದು ತಿಂಗಳೇ ಹಿಡಿಯಿತು.

ಸುತ್ತಿ ಬಳಸದೆ ಹೇಳುತ್ತೇನೆ. ನಿನ್ನ ಲಿವರಿನಲ್ಲಿ ಒಂದು ಗಂಟಿದೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಅದು ಕಂಡಾಗ ನಾನೂ ಆ ಕೋಣೆಯಲ್ಲೇ ಇದ್ದೆ. ದ್ರಾಕ್ಷಿಹಣ್ಣಿನಷ್ಟು, ಅದಕ್ಕಿಂತ ದೊಡ್ಡದಲ್ಲ. ಚಿಕ್ಕಂದಿನ ಕಾಮಾಲೆಯ ವೈರಸ್ಸು ನಿನ್ನೊಳಗೇ ಉಳಿದುಕೊಂಡಿರುವುದರಿಂದ ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ, ಎಂಆರ್‌ಐ ಸ್ಕ್ಯಾನ್ ಆಗಲೇಬೇಕು ಎಂದು ಡಾಕ್ಟರು ಹೇಳಿದರು. ಆ ಯಂತ್ರ ರೇಡಿಯೊ ಅಲೆಗಳಿಂದ ಕೆಲಸ ಮಾಡುತ್ತದೆ ಎಂದು ಎಲ್ಲೋ ಓದಿದವಳೇ ನೀನು ಗಂಟುಮೂಟೆ ಕಟ್ಟಿದೆ. ನಿನ್ನ ವಾದ ನನಗೀಗ ಬಾಯಿಪಾಠ: ತಲೆನೋವು, ನಿದ್ದೆಗೇಡು, ಆ ಗಂಟು, ಎಲ್ಲ ಮೊಬೈಲಿನ ಅಲೆಗಳ ಕೊಡುಗೆ. ಅವಿಲ್ಲದ ಕಡೆ ಇದ್ದುಬಿಟ್ಟರೆ ಗಂಟು ತಾನಾಗಿ ಕರಗುತ್ತದೆ.

ಕರಗುವುದಿಲ್ಲ. ಮನೆಯಲ್ಲಿ ಇದನ್ನೇ ಕೆಲಸ ಮಾಡಿಕೊಂಡಿರುವ ಅಕ್ಕ ಇರುವಾಗ ನೀನು ಯಾರದೋ ಮಾತು ನಂಬಿದೆಯಲ್ಲ, ಅದು ನನಗೆ ನಿಜವಾಗಿಯೂ ನೋವು ತಂದಿದೆ. ನಾನು ಮನುಷ್ಯರ ಚರ್ಮದ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಸಾಕುತ್ತೇನೆ. ಅವಕ್ಕೆ ಗುಲಾಬಿ ಬಣ್ಣದ ಆಹಾರದ ದ್ರವ, ಮೈಶಾಖದಷ್ಟೇ ಬಿಸಿಯಿರುವ ಪೆಟ್ಟಿಗೆ, ಅದರೊಳಗೆ ಒಂದೇ ಥರದ ಎರಡು ಲೋಹದ ಗೂಡುಗಳು. ಒಂದರಲ್ಲಿ ಮೊಬೈಲಿನಂಥದೇ ಅಲೆ ಹಾಯಿಸುತ್ತೇವೆ, ಇನ್ನೊಂದರಲ್ಲಿ ಏನೂ ಇಲ್ಲ. ಆಮೇಲೆ ಡಿಎನ್‌ಎ ತುಂಡಾಗಿದೆಯೇ ಎಂದು ನೋಡುತ್ತೇವೆ. ತುಂಡಾಗಿದ್ದರೆ ಸೂಕ್ಷ್ಮದರ್ಶಕದಲ್ಲಿ ಜೀವಕೋಶಕ್ಕೆ ಬಾಲ ಬಂದ ಹಾಗೆ ಕಾಣುತ್ತದೆ. ಎರಡೂ ಗೂಡಿನವು ಒಂದೇ ಥರ ಇರುತ್ತವೆ ಪುಟ್ಟಿ. ಆ ಅಲೆಗೆ ಡಿಎನ್‌ಎ ಕತ್ತರಿಸುವ ಕಸುವಿಲ್ಲ.

ಈ ವಾರವೇ ಹೊರಡು. ಸ್ಕ್ಯಾನಿಗೆ ನಾನು ದಿನ ಗೊತ್ತು ಮಾಡುತ್ತೇನೆ.

ಅಕ್ಕ


ಫೆಬ್ರವರಿ 17

ಅಕ್ಕಾ,

ಬೈಗುಳ ಸುರಕ್ಷಿತವಾಗಿ ತಲುಪಿತು. ಎರಡು ಸಲ ಓದಿದೆ, ನಿನ್ನ ಕೈಬರಹ ಇಷ್ಟು ಚೆನ್ನಾಗಿದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ನಾನು ಬರುವುದಿಲ್ಲ. ಮುಖ ಊದಿಸಿಕೊಂಡು ಹೇಳುತ್ತಿಲ್ಲ, ನೆಮ್ಮದಿಯಾಗಿದ್ದೇನೆ. ಕಣಿವೆಯ ನಡುವೆ ಒಂದು ಭಾರಿ ಬಟ್ಟಲು, ರೇಡಿಯೊ ದೂರದರ್ಶಕವಂತೆ, ಆಕಾಶ ನೋಡಿಕೊಂಡು ಕೂತಿದೆ. ನಕ್ಷತ್ರಗಳ ಕಡೆಯಿಂದ ಬರುವ ಕ್ಷೀಣ ರೇಡಿಯೊ ಅಲೆಗಳನ್ನು ಅದು ಕೇಳಿಸಿಕೊಳ್ಳಬೇಕಂತೆ, ಅದಕ್ಕೇ ನಾವೆಲ್ಲ ಉಸಿರು ಬಿಗಿಹಿಡಿದು ಬದುಕಬೇಕು. ಮೊಬೈಲಿಲ್ಲ, ವೈಫೈ ಇಲ್ಲ, ಅಡುಗೆಮನೆಯಲ್ಲಿ ಮೈಕ್ರೋವೇವ್ ಒಲೆ ಇಲ್ಲ. ಬಟ್ಟಲಿನ ಹತ್ತಿರಕ್ಕೆ ಪೆಟ್ರೋಲ್ ಗಾಡಿಯನ್ನೂ ಬಿಡುವುದಿಲ್ಲ, ಅದರ ಎಂಜಿನ್ನಿನ ಕಿಡಿಯೂ ಬಟ್ಟಲಿಗೆ ಕೇಳಿಸುತ್ತದಂತೆ. ಇಲ್ಲಿನ ಅತಿಥಿಗೃಹದಲ್ಲಿ ನನಗೆ ಹಾಸಿಗೆ ಬಟ್ಟೆಗಳ ಉಸ್ತುವಾರಿ. ಬೆಳಗ್ಗೆಯೆಲ್ಲ ಚಾದರ ಒಗೆಸಿ, ಮಡಿಸಿ, ಲೆಕ್ಕ ಒಪ್ಪಿಸಿ, ಮಧ್ಯಾಹ್ನ ನನ್ನ ಕೋಣೆಗೆ ಬಂದು ಅಮ್ಮನ ಆ ಹಳೇ ಕರೆಂಟಿನ ಶಾಖದ ಪಟ್ಟಿ ಸೊಂಟದ ಹತ್ತಿರ ಇಟ್ಟುಕೊಂಡು ಮಲಗಿದರೆ ಮಗುವಿನಂಥ ನಿದ್ದೆ. ತಲೆನೋವು ಹೋಗಿದೆ ಅಕ್ಕಾ. ಪೂರ್ತಿ ಹೋಗಿದೆ. ನಿನ್ನ ತಟ್ಟೆಯಲ್ಲಿರುವ ಚರ್ಮಕ್ಕೆ ತಲೆ ಎಲ್ಲಿಂದ ಬರಬೇಕು, ನೋಯಲು?

ಇಲ್ಲೊಬ್ಬರು ವ್ಯಾನಿನವರಿದ್ದಾರೆ. ಕದ್ದು ಅಲೆ ಹೊರಡಿಸುವ ಸಾಮಾನು ಯಾರ ಮನೆಯಲ್ಲಿದೆ ಎಂದು ಹುಡುಕುವುದೇ ಅವರ ಕೆಲಸ. ಈಚೆಗೆ ಮಧ್ಯಾಹ್ನವಾದರೆ ಸಾಕು, ಬಟ್ಟಲಿಗೆ ಏನೋ ಕರಕರ ಸದ್ದು ಕೇಳಿಸುತ್ತಿದೆಯಂತೆ. ವಿಜ್ಞಾನಿಗಳು ಕೂದಲು ಕಿತ್ತುಕೊಳ್ಳುತ್ತಿದ್ದಾರೆ. ‘ನಿಮಗೆ ಅಲೆ ಗೊತ್ತಾಗುತ್ತಂತಲ್ಲಮ್ಮ, ಸ್ವಲ್ಪ ಹೇಳಿ, ಯಾವ ಕಡೆಯಿಂದ ಬರ್ತಿದೆ?’ ಎಂದು ಅವರು ನನ್ನನ್ನೇ ಕೇಳಿದರು. ನನ್ನ ಕೋಣೆಯ ಕಡೆ ಅಂತೂ ಏನೂ ಇಲ್ಲ, ಇದ್ದಿದ್ದರೆ ನನಗೆ ಮೊದಲು ಗೊತ್ತಾಗುತ್ತಿತ್ತು ಎಂದು ಧೈರ್ಯವಾಗಿ ಹೇಳಿದ್ದೇನೆ.

ಒಂದೇ ಒಂದು ಪ್ರಶ್ನೆ, ನಿಜ ಹೇಳು. ನಿನ್ನ ಅಲೆಯ ಗೂಡಿನಲ್ಲಿ ಯಾವತ್ತೂ, ಒಂದೇ ಒಂದು ಸಲವೂ, ಜೀವಕೋಶಗಳಿಗೆ ಏನೂ ಆಗಿಲ್ಲವಾ?

ನಿನ್ನ ತಂಗಿ


ಫೆಬ್ರವರಿ 26

ಪುಟ್ಟಿ,

ನಿನ್ನ ಪ್ರಶ್ನೆಗೆ ಉತ್ತರ: ಸರಿಯಾಗಿ ನಡೆದ ಪ್ರಯೋಗಗಳಲ್ಲಿ ಏನೂ ಆಗಿಲ್ಲ. ಅಲ್ಲಿಗೆ ಅದು ಮುಗಿಯಿತು.

ನಾವಿಬ್ಬರೂ ಹೀಗೆ ಕಿತ್ತಾಡುತ್ತ ಕೂತರೆ ಅಂಚೆ ಇಲಾಖೆಗೆ ಲಾಭ, ನಿನ್ನ ಗಂಟಿಗೆ ಲಾಭ, ಬೇರೆ ಯಾರಿಗೂ ಇಲ್ಲ. ಅದಕ್ಕೆ ಒಂದು ಪಂದ್ಯ ಕಟ್ಟೋಣ. ನಮ್ಮ ಲ್ಯಾಬಿನಲ್ಲಿ ಯಾವ ಗೂಡಿಗೆ ಅಲೆ ಹೋಗುತ್ತಿದೆ ಎಂದು ನನಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಕಡೆ ಬಾಲ ಹುಡುಕುತ್ತದೆ. ಯಂತ್ರವೇ ಆರಿಸಿಕೊಳ್ಳುತ್ತದೆ, ಎಣಿಕೆಯೆಲ್ಲ ಮುಗಿದ ಮೇಲೆ ಗುಟ್ಟು ಬಿಚ್ಚುತ್ತೇವೆ. ನಿನಗೂ ಹಾಗೇ ಮಾಡುತ್ತೇನೆ.

ಇದರ ಜೊತೆ ಎರಡು ಬಿಸ್ಕತ್ತಿನ ಡಬ್ಬಿ ಬರುತ್ತಿವೆ, ಒಂದು ಕೆಂಪು, ಒಂದು ನೀಲಿ. ತವರದ ಮುಚ್ಚಳ ತೆಗೆದು ರಟ್ಟು ಅಂಟಿಸಿದ್ದೇವೆ, ಪಕ್ಕದಲ್ಲಿ ಒಂದೊಂದು ಸ್ವಿಚ್ಚಿದೆ. ಒಂದರೊಳಗೆ ಲ್ಯಾಬಿನ ಹುಡುಗಿ ಮಾಡಿಕೊಟ್ಟ ಪುಟ್ಟ ಟ್ರಾನ್ಸ್‌ಮಿಟರ್, ಮೊಬೈಲಿನದೇ ಜಾತಿಯ ಅಲೆ, ಅದಕ್ಕಿಂತ ಸೌಮ್ಯ. ಇನ್ನೊಂದರಲ್ಲಿ ಅಷ್ಟೇ ತೂಕದ ಬೇರೆ ಏನೋ. ತುಂಬಿದ್ದು ನಿನ್ನ ಭಾವ. ನಾನು ಬಾಲ್ಕನಿಯಲ್ಲಿ ನಿಂತಿದ್ದೆ, ಅವರು ಊಟದ ಮೇಜಿನ ಮೇಲೆ ಬಾಗಿಲು ಹಾಕಿಕೊಂಡು ಕಳ್ಳಸಾಗಣೆಯವರ ಹಾಗೆ ಕೆಲಸ ಮಾಡಿದರು. ಯಾವುದರಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲ.

ಒಂದು ವಾರ ಕೆಂಪು ಡಬ್ಬಿಯ ಸ್ವಿಚ್ ಒತ್ತಿ ಮಂಚದ ಕೆಳಗಿಡು. ಇನ್ನೊಂದು ವಾರ ನೀಲಿ. ಯಾವುದರಲ್ಲಿ ಅಲೆ ಇತ್ತು ಎಂದು ಬರೆ. ನೀನು ಸರಿ ಹೇಳಿದರೆ ಈ ವಿಷಯ ಇನ್ನು ಎತ್ತುವುದಿಲ್ಲ. ತಪ್ಪು ಹೇಳಿದರೆ ತೆಪ್ಪಗೆ ಸ್ಕ್ಯಾನ್ ಮಾಡಿಸಬೇಕು. ಅಮ್ಮನ ಮೇಲಾಣೆ ಬೇಡ, ನಿನ್ನ ಮಾತೇ ಸಾಕು.

ಅಕ್ಕ


ಮಾರ್ಚ್ 14

ಅಕ್ಕಾ,

ನೀಲಿ ಡಬ್ಬಿಯನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಕೆಂಪು ಡಬ್ಬಿಯ ಸ್ವಿಚ್ ಒತ್ತಿದ ದಿನವೇ ಹಣೆಯ ಎಡಭಾಗ ಹಿಡಿದುಕೊಂಡಿತು. ಮಾರನೆಯ ದಿನ ಹೊಟ್ಟೆ ತೊಳಸಿತು. ವಾರದ ಕೊನೆಗೆ ಚಾದರ ಮಡಿಸುವಾಗ ಕಣ್ಣು ಕತ್ತಲೆ ಬಂದು ಬಟ್ಟೆಯ ರಾಶಿಯ ಮೇಲೇ ಕೂತುಬಿಟ್ಟೆ. ಪಟ್ಟಣ ಬಿಟ್ಟ ಮೇಲೆ ಹೀಗಾಗಿದ್ದು ಇದೇ ಮೊದಲು.

ಕೆಂಪು. ಸಂಶಯವೇ ಇಲ್ಲ. ಭಾವನನ್ನು ಕೇಳಿ ನೋಡು.

ನೀನು ಸೋತೆ, ನಾನು ಗೆದ್ದೆ. ಇನ್ನು ಬೇರೆ ವಿಷಯ ಬರೆ. ಬಾಲ್ಕನಿಯ ಗಿಡಗಳಿಗೆ ಯಾರು ನೀರು ಹಾಕುತ್ತಿದ್ದಾರೆ?

ತಂಗಿ


ಮಾರ್ಚ್ 22

ಪುಟ್ಟಿ,

ಗಿಡಗಳಿಗೆ ನಾನೇ ನೀರು ಹಾಕುತ್ತಿದ್ದೇನೆ, ಒಂದು ಸತ್ತಿತು.

ನಿನ್ನ ಪತ್ರವನ್ನು ಭಾವನ ಕೈಗೆ ಕೊಟ್ಟೆ. ಓದಿದರು, ಅಡುಗೆಮನೆಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತರು. ನಾನು ಕೇಳಲಿಲ್ಲ. ಆಟ ಅಂದಮೇಲೆ ಪೂರ್ತಿ ಆಡಬೇಕು. ನೀಲಿ ಡಬ್ಬಿಯದೂ ಒಂದು ವಾರ ಆಗಲಿ.

ಆದರೆ ಇವತ್ತು ಬರೆಯುತ್ತಿರುವುದು ಅದಕ್ಕಲ್ಲ. ನಿನ್ನ ಹಳೆಯ ಪತ್ರ ತೆಗೆದು ಓದುತ್ತಿದ್ದೆ, ಅಮ್ಮನ ಶಾಖದ ಪಟ್ಟಿಯ ಮಾತು ಬಂತು. ಮೊದಲ ಸಲ ಅದನ್ನು ಗಮನಿಸಿರಲೇ ಇಲ್ಲ, ನಿನ್ನನ್ನು ವಾದದಲ್ಲಿ ಹೇಗೆ ಸೋಲಿಸಲಿ ಎಂದೇ ಯೋಚಿಸುತ್ತಿದ್ದೆ. ದಿನಾ ಯಾಕೆ ಶಾಖ ಕೊಟ್ಟುಕೊಳ್ಳುತ್ತಿದ್ದೀಯ? ಎಲ್ಲಿ ನೋವು? ಬಲಪಕ್ಕೆಯಾ? ಜಾಸ್ತಿ ಆಗುತ್ತಿದೆಯಾ? ಡಬ್ಬಿಯ ಕಥೆ ಹಾಳಾಗಿ ಹೋಗಲಿ, ಇದಕ್ಕೆ ಉತ್ತರ ಕೊಡು.

ಅಕ್ಕ


ಏಪ್ರಿಲ್ 13

ಅಕ್ಕಾ,

ಉತ್ತರ ತಡವಾಯಿತು. ಬೇಕೆಂದೇ ತಡ ಮಾಡಿದೆ. ನಡೆದದ್ದನ್ನು ಹೇಗೆ ಬರೆದರೂ ನಾನೇ ಪೆದ್ದಿ ಆಗುತ್ತೇನೆ, ಆದ್ದರಿಂದ ನಡೆದ ಹಾಗೇ ಬರೆಯುತ್ತೇನೆ.

ಮಾರ್ಚ್ ಕೊನೆಯ ವಾರ, ಮಧ್ಯಾಹ್ನ ಮಲಗಿದ್ದೆ. ಕಿಟಕಿಯ ಕೆಳಗೆ ವ್ಯಾನ್ ನಿಂತ ಸದ್ದು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದರು. ತೆರೆದರೆ ವ್ಯಾನಿನವರು, ಕೈಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡಿನಂಥ ಆಂಟೆನಾ, ಹೆಗಲಿಗೆ ಒಂದು ಪೆಟ್ಟಿಗೆ. ನನ್ನ ಮುಖ ನೋಡಲು ಅವರಿಗೇ ಸಂಕೋಚ.

‘ತಪ್ಪು ತಿಳ್ಕೋಬೇಡಿ ಅಮ್ಮ, ಆ ಮಧ್ಯಾಹ್ನದ ಸದ್ದು ನಿಮ್ಮ ರೂಮಿಂದ್ಲೇ ಬರ್ತಿದೆ’ ಎಂದರು.

ಕೆಂಪು ಡಬ್ಬಿ! ಸ್ವಿಚ್ ಆರಿಸುವುದನ್ನೇ ಮರೆತಿದ್ದೆ. ಎಂಥ ಅಕ್ಕ ನೀನು, ಲೋಕದಲ್ಲೇ ಅತಿ ಸೂಕ್ಷ್ಮ ಕಿವಿ ಇಟ್ಟುಕೊಂಡು ಕೂತಿರುವ ಜಾಗಕ್ಕೆ ಟ್ರಾನ್ಸ್‌ಮಿಟರನ್ನು ಅಂಚೆಯಲ್ಲಿ ಕಳಿಸುತ್ತಾರಾ? ನಿನಗೆ ನೆನಪಾಗಲಿಲ್ಲ, ನನಗೂ ಹೊಳೆಯಲಿಲ್ಲ. ಮಂಚದ ಕೆಳಗಿಂದ ಎರಡೂ ಡಬ್ಬಿ ಎಳೆದು ಅವರ ಮುಂದಿಟ್ಟು ‘ತಪ್ಪು ನಂದಲ್ಲ, ನಮ್ಮಕ್ಕಂದು. ಅವಳು ವಿಜ್ಞಾನಿ’ ಎಂದೆ. ಅದೇನೋ ರೋಗದ ಹೆಸರು ಕೇಳಿದವರಂತೆ ಅವರು ತಲೆಯಾಡಿಸಿದರು.

ಕೆಂಪು ಡಬ್ಬಿಗೆ ಆಂಟೆನಾ ಹಿಡಿದರು. ಪೆಟ್ಟಿಗೆಯ ಮುಳ್ಳು ಅಲ್ಲಾಡಲಿಲ್ಲ. ರಟ್ಟು ಬಿಡಿಸಿ ನೋಡಿದರು. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದು ಮೈಸೋಪು. ಸ್ವಿಚ್ಚಿಗೆ ತಂತಿಯೇ ಇರಲಿಲ್ಲ.

ಹಣೆ ಹಿಡಿದದ್ದು, ಹೊಟ್ಟೆ ತೊಳಸಿದ್ದು, ಕಣ್ಣು ಕತ್ತಲೆ ಬಂದದ್ದು, ಎಲ್ಲ ಸೋಪಿನಿಂದ! ಅದೂ ನನಗೆ, ದಿನವಿಡೀ ಸೋಪಿನ ನಡುವೆ ಬದುಕುವವಳಿಗೆ.

ನೀಲಿಯ ಸ್ವಿಚ್ ಅರೆಕ್ಷಣ ಒತ್ತಿದರು, ಮುಳ್ಳು ಹಾರಿತು. ತಕ್ಷಣ ಆರಿಸಿ ಅದನ್ನು ಉಕ್ಕಿನ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ‘ಇದು ಆರಿತ್ತಲ್ಲ ಅಮ್ಮ. ಹಾಗಿದ್ರೆ ಸದ್ದು ಯಾವುದರದು?’ ಎಂದು ಆಂಟೆನಾವನ್ನು ಕೋಣೆಯ ಸುತ್ತ ತಿರುಗಿಸಿದರು. ಹಾಸಿಗೆಯ ಕಡೆ ಬಂದಾಗ ಪೆಟ್ಟಿಗೆ ಕಿರುಚಿಕೊಂಡಿತು.

ಅಮ್ಮನ ಪಟ್ಟಿ ಅಕ್ಕಾ. ಬಿಸಿಯಾದಾಗ ತಾನಾಗಿ ಆರಿ, ತಣ್ಣಗಾದಾಗ ತಾನಾಗಿ ಹತ್ತುವ ಬಿಲ್ಲೆಯೊಂದು ಅದರಲ್ಲಿದೆಯಂತೆ. ಅದು ಸವೆದು ಸವೆದು ಈಗ ಸದಾ ಕಿಡಿ ಹಾರಿಸುತ್ತಿದೆ. ಒಂದೊಂದು ಕಿಡಿಯೂ ಬಟ್ಟಲಿಗೆ ಕಿವಿಯ ಹತ್ತಿರ ಚೀರಿದ ಹಾಗೆ. ಈ ಕಣಿವೆಯಲ್ಲೇ ಅತಿ ಹೆಚ್ಚು ಅಲೆ ಹೊರಡಿಸುತ್ತಿದ್ದ ಸಾಮಾನನ್ನು ನಾನು ದಿನಾ ಮೈಗೆ ಕಟ್ಟಿಕೊಂಡು ಮಲಗುತ್ತಿದ್ದೆ.

‘ನಿದ್ದೆ ಬರ್ತಿತ್ತಾ ಅಮ್ಮ?’ ಎಂದು ಕೇಳಿದರು.

‘ತುಂಬಾ ಚೆನ್ನಾಗಿ’ ಎಂದೆ.

ಅವರು ನಗಲಿಲ್ಲ. ಅಷ್ಟು ದೊಡ್ಡ ಮನಸ್ಸು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಪಟ್ಟಿಯ ಅಲೆ ಬೇರೆ, ಮೊಬೈಲಿನದು ಬೇರೆ ಎಂದು ವಾದಿಸಲು ಬಾಯಿ ತೆರೆದೆ. ಆದರೆ ಸೋಪಿನ ವಿಷಯದಲ್ಲಿ ಏನು ವಾದ ಮಾಡಲಿ? ಎರಡು ವಾರ ನನ್ನ ಮೇಲೇ ಸಿಟ್ಟು. ನನ್ನ ತಲೆ ನನಗೇ ಸುಳ್ಳು ಹೇಳಿತಲ್ಲ ಎಂದು ಅತ್ತೆ ಕೂಡ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಬಲಪಕ್ಕೆ. ಜನವರಿಯಲ್ಲಿ ಆಗೊಮ್ಮೆ ಈಗೊಮ್ಮೆ ಇತ್ತು, ಈಗ ದಿನಾ ಇದೆ. ಬಗ್ಗಿದರೆ ಒತ್ತಿದ ಹಾಗಾಗುತ್ತದೆ. ಗಂಟು ಕರಗುತ್ತಿರುವ ನೋವು ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮಾತು ಕೊಟ್ಟಿದ್ದೇನೆ, ಸೋತಿದ್ದೇನೆ. ಬೆಟ್ಟದಾಚೆಯ ಪಟ್ಟಣದಲ್ಲಿ ಎಂಆರ್‌ಐ ಇದೆಯಂತೆ. ವ್ಯಾನಿನವರೂ ಅವರ ಹೆಂಡತಿಯೂ ಮುಂದಿನ ವಾರ ಕರೆದುಕೊಂಡು ಹೋಗುತ್ತಾರೆ.

ತಂಗಿ


ಏಪ್ರಿಲ್ 20

ಪುಟ್ಟಿ,

ಮೊದಲು ನಕ್ಕೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಭಾವನೂ ಬಂದು ಸೇರಿಕೊಂಡರು. ಕೊನೆಯ ಭಾಗಕ್ಕೆ ಬಂದಾಗ ಇಬ್ಬರ ನಗುವೂ ನಿಂತಿತು.

ನಿನ್ನ ತಲೆ ಸುಳ್ಳು ಹೇಳಲಿಲ್ಲ. ನೋವು ಬಂದದ್ದು ನಿಜ, ನೋಯುತ್ತದೆ ಎಂದು ಕಾದು ಕೂತ ಮೈ ನೋಯಿಸಿಕೊಂಡೇ ತೋರಿಸುತ್ತದೆ. ನಮ್ಮಂಥವರಿಗೂ ಹಾಗೇ ಆಗುತ್ತದೆ ಎಂದೇ ಲ್ಯಾಬಿನಲ್ಲಿ ಗುಟ್ಟು ಮುಚ್ಚಿಡುವುದು. ಇಲ್ಲಿದ್ದಾಗಿನ ನಿನ್ನ ತಲೆನೋವಿಗೆ ಫೋನೇ ಕಾರಣ ಎಂದು ನಾನೂ ಈಗ ಒಪ್ಪುತ್ತೇನೆ. ಕೆಲಸದಲ್ಲಿ ದೂರು ವಿಭಾಗದ ಫೋನ್ ಹಿಡಿದು ಕೂತು ಬೆಳಗಿಂದ ಸಂಜೆವರೆಗೆ ಗುರುತಿಲ್ಲದವರ ಬೈಗುಳವನ್ನು ಕಿವಿಯೊಳಗೇ ಸುರಿದುಕೊಳ್ಳುತ್ತಿದ್ದೆ. ಅಲೆಯ ತಪ್ಪಲ್ಲ ಅದು, ಅದರ ಮೇಲೆ ಬಂದ ಮಾತಿನದು.

ಬಟ್ಟಲನ್ನು ನಾನು ಮರೆತದ್ದಕ್ಕೆ ವ್ಯಾನಿನವರಿಗೆ ನನ್ನ ಕ್ಷಮೆ ಹೇಳು. ನನ್ನ ಜೀವಕೋಶಗಳು ಗಮನಿಸದಷ್ಟು ಸೌಮ್ಯ ಎಂದಷ್ಟೇ ಲೆಕ್ಕ ಹಾಕಿದ್ದೆ.

ಸ್ಕ್ಯಾನ್ ಆದ ತಕ್ಷಣ ವರದಿ ಕಳಿಸು. ಪತ್ರ ಬೇಡ ಅನ್ನಿಸಿದರೆ ಪಟ್ಟಣದಿಂದ ಫೋನ್ ಮಾಡು.

ಅಕ್ಕ


ಮೇ 3

ಅಕ್ಕಾ,

ಸ್ಕ್ಯಾನ್ ಆಯಿತು. ಕೊಳವೆಯೊಳಗೆ ಮಲಗಿಸಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಡಬಡಬ ಬಡಿದರು. ತಲೆನೋವು ಬರುತ್ತದೆಂದು ಕಾಯುತ್ತಿದ್ದೆ, ಕಾಯುತ್ತಿದ್ದೇನೆ ಎಂದು ಗೊತ್ತಾದಾಗ ನಗು ಬಂತು. ‘ಅಲ್ಲಾಡ್ಬೇಡಿ’ ಎಂದು ಮೈಕಿನಲ್ಲಿ ಬೈಸಿಕೊಂಡೆ.

ವರದಿ ನಿಮ್ಮಲ್ಲಿನ ಡಾಕ್ಟರಿಗೇ ಹೋಗಿದೆ. ಪಟ್ಟಣದಲ್ಲಿ ಫೋನ್ ಇತ್ತು, ಮಾಡಲಿಲ್ಲ. ಫೋನಿನಲ್ಲಾದರೆ ನೀನು ಹೇಳುತ್ತ ಹೋಗುತ್ತೀಯ, ನಾನು ಹೂಂ ಅನ್ನುತ್ತ ಹೋಗುತ್ತೇನೆ. ಬರೆದರೆ ನನ್ನ ಪಾಲಿನ ಯೋಚನೆ ನನಗೆ ಸಿಗುತ್ತದೆ. ಏನಿದ್ದರೂ ನೇರವಾಗಿ ಬರೆ.

ತಂಗಿ


ಮೇ 10

ಪುಟ್ಟಿ,

ನೇರವಾಗಿ: ಗಂಟು ಕೆಟ್ಟ ಜಾತಿಯದು. ಕ್ಯಾನ್ಸರ್. ಆದರೆ ಒಂದೇ ಇದೆ, ಬೇರೆಲ್ಲೂ ಹೋಗಿಲ್ಲ. ಸ್ವಲ್ಪ ಬೆಳೆದಿದೆ, ಮೂರು ಸೆಂಟಿಮೀಟರಿಗೆ ಇನ್ನೂ ಹತ್ತಿರ ಬಂದಿಲ್ಲ. ಅದರೊಳಗೆ ಹಿಡಿದುಬಿಟ್ಟರೆ ಪೂರ್ತಿ ತೆಗೆಯಬಹುದು ಎಂದು ಡಾಕ್ಟರು ಧೈರ್ಯವಾಗಿ ಹೇಳಿದ್ದಾರೆ, ನಾನೂ ಅಷ್ಟೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಹೊಟ್ಟೆ ಕೊಯ್ಯುವುದಿಲ್ಲ. ಪಕ್ಕೆಯಿಂದ ತೆಳುವಾದ ಒಂದು ಸೂಜಿ ಒಳಗೆ ಬಿಟ್ಟು, ಗಂಟನ್ನು ಇದ್ದಲ್ಲೇ ಕಾಯಿಸಿ ಸಾಯಿಸುತ್ತಾರೆ. ಕೆಲವೇ ನಿಮಿಷ. ಮಾರನೆಯ ದಿನ ಮನೆಗೆ. ಜೂನ್ 11ಕ್ಕೆ ದಿನ ಗೊತ್ತಾಗಿದೆ. ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ, ಭಾವ ಹೊಸ ಪರದೆ ಹಾಕಿದ್ದಾರೆ, ಬಣ್ಣ ನಿನಗೆ ಇಷ್ಟವಾಗದು. ಬಾ.

ಅಕ್ಕ


ಮೇ 16

ಅಕ್ಕಾ,

ಕ್ಯಾನ್ಸರ್ ಎಂಬ ಪದ ಓದಿ ಪತ್ರ ಮಡಿಸಿಟ್ಟೆ, ಮತ್ತೆ ಬಿಡಿಸಿದೆ. ಸೂಜಿ ಎಂಬ ಮಾತಿಗೆ ಬಂದಾಗ ಉಸಿರು ಬಂತು. ಕೊಯ್ಯುವುದಿಲ್ಲವಲ್ಲ! ಕಾಯಿಸುವುದು ತಾನೇ, ಅಮ್ಮನ ಪಟ್ಟಿಯೇ ಸೂಜಿಯಾಗಿ ಒಳಗೆ ಹೋದ ಹಾಗೆ. ಹೊರಗಿಂದ ನಾನು ಮಾಡುತ್ತಿದ್ದದ್ದನ್ನು ಅವರು ಒಳಗಿಂದ ಮಾಡುತ್ತಾರೆ, ಅಷ್ಟೇ. ಒಪ್ಪಿದೆ. ಎಲ್ಲಿ ಬೇಕೋ ಅಲ್ಲಿ ಸಹಿ ಹಾಕುತ್ತೇನೆ, ಓದುವುದೂ ಇಲ್ಲ.

ಪರದೆ ಯಾವ ಬಣ್ಣ?

ತಂಗಿ


ಮೇ 21

ಪುಟ್ಟಿ,

ಹಳದಿ.

ನಿನ್ನ ಪತ್ರ ಓದಿ ಖುಷಿಯಾಗಬೇಕಿತ್ತು. ಆಗಲಿಲ್ಲ. ‘ಓದುವುದೂ ಇಲ್ಲ’ ಎಂದು ಬರೆದಿದ್ದೀಯಲ್ಲ, ಆ ಮಾತನ್ನೇ ಮತ್ತೆ ಮತ್ತೆ ಓದಿದೆ. ಭಾವನನ್ನು ಕೇಳಿದೆ. ‘ಈಗ ಏನೂ ಹೇಳ್ಬೇಡ ಮಾರಾಯ್ತಿ, ಮುಗೀಲಿ. ಆಮೇಲೆ ನಗ್ತಾ ಹೇಳಿದ್ರಾಯ್ತು’ ಎಂದರು. ನಿನ್ನ ಮೇಲಿನ ಪ್ರೀತಿಯಿಂದಲೇ ಅಂದರು. ನನಗೂ ಹಾಗೇ ಮಾಡಿಬಿಡಬೇಕು ಅನ್ನಿಸಿತ್ತು, ಅದಕ್ಕೇ ಕಳೆದ ಪತ್ರದಲ್ಲಿ ಒಂದು ಪದ ನುಂಗಿಕೊಂಡೆ.

ಆ ಸೂಜಿಯ ತುದಿ ಒಂದು ಪುಟ್ಟ ಆಂಟೆನಾ. ಅದರಿಂದ ಹೊರಡುವುದು ಮೈಕ್ರೋವೇವ್. ನಿಮ್ಮ ಕಣಿವೆಯ ಅಡುಗೆಮನೆಗಳಲ್ಲಿ ನಿಷೇಧಿಸಿರುವ ಒಲೆಯಲ್ಲಿ ಇರುವುದೂ ಅದೇ, ನೀನು ಓಡಿಹೋದದ್ದೂ ಅದರ ಸೋದರಸಂಬಂಧಿಯಿಂದಲೇ. ಗಂಟಿನೊಳಗಿನ ನೀರಿನ ಕಣಗಳು ಆ ಅಲೆಗೆ ಅತ್ತಿತ್ತ ಹೊರಳಾಡಿ ಬಿಸಿಯಾಗುತ್ತವೆ, ಆ ಜೀವಕೋಶಗಳು ಇದ್ದಲ್ಲೇ ಬೆಂದುಹೋಗುತ್ತವೆ.

ಇನ್ನೊಂದು. ಫೆಬ್ರವರಿಯಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ, ನಾನು ಜಾರಿಕೊಂಡೆ. ಆಗಿತ್ತು. ಕಳೆದ ವರ್ಷ ಒಂದು ಬೆಳಗ್ಗೆ ತಟ್ಟೆ ತೆಗೆದರೆ ಒಂದು ಗೂಡಿನ ಜೀವಕೋಶಗಳೆಲ್ಲ ಸತ್ತು ದ್ರವದಲ್ಲಿ ತೇಲುತ್ತಿದ್ದವು. ಗುಟ್ಟು ಬಿಚ್ಚಿದರೆ ಅದೇ ಅಲೆಯ ಗೂಡು. ಆ ದಿನ ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಮೊದಲು ನೆನಪಾದದ್ದು ನೀನು. ಇವಳು ಹೇಳಿದ್ದೇ ನಿಜವಾಗಿದ್ದರೆ? ಗೂಡಿನ ಹಿಂದಿನ ತಗಡು ಬಿಚ್ಚಿದಾಗ ಕಾರಣ ಸಿಕ್ಕಿತು. ಅಲ್ಲಿ ನಾವು ಫೋನಿನದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಅಲೆ ಹಾಯಿಸುತ್ತಿದ್ದೆವು, ಗೂಡನ್ನು ತಣ್ಣಗಿಡುವ ಪುಟ್ಟ ಫ್ಯಾನು ನಿಂತುಹೋಗಿತ್ತು. ಕಾವು ಏರಿ ಸತ್ತಿದ್ದವು. ಫ್ಯಾನು ಸರಿಮಾಡಿ ಮತ್ತೆ ಮತ್ತೆ ಮಾಡಿದೆವು, ಏನೂ ಆಗಲಿಲ್ಲ. ಇದನ್ನು ಹೇಳಿದರೆ ನೀನು ಅರ್ಧ ಮಾತ್ರ ಕೇಳಿಸಿಕೊಳ್ಳುತ್ತೀಯ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಆ ತೀರ್ಮಾನ ನಿನ್ನದಾಗಬೇಕಿತ್ತು.

ಹಾಗಾಗಿ ಮೈಕ್ರೋವೇವ್ ಜೀವಕೋಶಕ್ಕೆ ಏನೂ ಮಾಡುವುದಿಲ್ಲ ಎಂದು ಇನ್ನು ಹೇಳುವುದಿಲ್ಲ. ಸಾಕಷ್ಟು ಜೋರಾಗಿ ಬಿಟ್ಟರೆ ಬೇಯಿಸುತ್ತದೆ. ನನ್ನ ಲ್ಯಾಬಿನಲ್ಲಿ ಫ್ಯಾನು ನಿಂತು ತಪ್ಪಿ ಆದದ್ದನ್ನು ಡಾಕ್ಟರು ಬೇಕೆಂದೇ, ಆ ಗಂಟಿನ ಅಳತೆಗೆ ಸರಿಯಾಗಿ ಮಾಡುತ್ತಾರೆ. ನನಗಾಗಿದ್ದರೆ ನಾನು ಇದನ್ನೇ ಮಾಡಿಸಿಕೊಳ್ಳುತ್ತಿದ್ದೆ. ಇದು ಬೇಡವೆಂದರೆ ಕೊಯ್ದು ತೆಗೆಯುವ ದಾರಿಯೂ ಇದೆ, ಅದು ನಿನ್ನ ಲಿವರಿಗೆ ಕಷ್ಟ. ಸುಮ್ಮನೆ ಕೂರುವ ದಾರಿ ಮಾತ್ರ ಇಲ್ಲ.

ಇದನ್ನು ಓದಿ ನೀನು ಇನ್ನೂ ದೂರ ಓಡುತ್ತೀಯೇನೋ ಎಂದು ನನಗೆ ಭಯವಾಗಿದೆ. ಆದರೂ ಅಂಚೆಗೆ ಹಾಕುತ್ತಿದ್ದೇನೆ.

ಅಕ್ಕ


ಜೂನ್ 4

ಅಕ್ಕಾ,

ಇಷ್ಟು ದಿನ ನಿನ್ನನ್ನು ಕಾಯಿಸಿದ್ದು ಸೇಡಿಗಲ್ಲ. ಮೊದಲ ದಿನ ಮಾತ್ರ ಸೇಡಿಗೆ.

ಬಂದ ಸಿಟ್ಟಿಗೆ ನಿನ್ನ ಪತ್ರವನ್ನು ಚಾದರಗಳ ನಡುವೆ ತುರುಕಿ ಒಗೆಯಲು ಹಾಕಿಬಿಡುವುದರಲ್ಲಿದ್ದೆ. ಹೋಗಿ ವ್ಯಾನಿನವರನ್ನು ಕೇಳಿದೆ, ‘ಇದಕ್ಕಿಂತ ನಿಶ್ಶಬ್ದವಾದ ಜಾಗ ಎಲ್ಲಾದ್ರೂ ಇದೆಯಾ?’

ಅವರು ತಮಾಷೆ ಮಾಡದೆ ಯೋಚಿಸಿದರು. ‘ಇದೆ ಅಮ್ಮ. ಚಂದ್ರನ ಹಿಂಭಾಗ. ಅಲ್ಲಿಗೆ ನಮ್ಮ ವ್ಯಾನ್ ಹೋಗಲ್ಲ’ ಎಂದರು.

ಕೋಣೆಗೆ ಬಂದು ಪತ್ರವನ್ನು ಮತ್ತೆ ಓದಿದೆ. ಅರ್ಧ ಅಲ್ಲ, ಪೂರ್ತಿ. ಫ್ಯಾನಿನ ಭಾಗವನ್ನು ಎಷ್ಟು ಸಲ ಓದಿದೆನೋ. ಎಲ್ಲ ಗೊತ್ತು ಎನ್ನುವ ನನ್ನ ಅಕ್ಕ ಒಂದು ಬೆಳಗ್ಗೆ ಕುರ್ಚಿಯಲ್ಲಿ ಕುಸಿದು ಕೂತು ನನ್ನನ್ನು ನೆನೆದಳು ಎಂದು ತಿಳಿದಾಗ ಸಿಟ್ಟೆಲ್ಲ ಇಳಿದುಹೋಯಿತು. ಅದನ್ನು ಫೆಬ್ರವರಿಯಲ್ಲೇ ಬರೆದಿದ್ದರೆ ಸೋಪಿನ ಖರ್ಚು ಉಳಿಯುತ್ತಿತ್ತು.

ಕೆಂಪು ಡಬ್ಬಿ ಕಳಿಸಿದಾಗ ಒಳಗೇನಿದೆ ಎಂದು ನಿನಗೂ ಗೊತ್ತಿರಲಿಲ್ಲ. ಈ ಸಲ ನಿನಗೆ ಗೊತ್ತಿತ್ತು. ಮುಚ್ಚಿಯೇ ಕಳಿಸಬಹುದಿತ್ತು, ನಾನು ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತಿದ್ದೆ. ನೀನು ಮುಚ್ಚಳ ತೆಗೆದು, ಒಳಗೆ ಇರುವುದು ನಾನು ಹೆದರುವ ವಸ್ತುವೇ ಎಂದು ತೋರಿಸಿ ಕಳಿಸಿದೆ. ಅದಕ್ಕೇ ಬರುತ್ತಿದ್ದೇನೆ.

ಸೋಮವಾರ ಸಂಜೆಯ ಬಸ್ಸು. ನಿಲ್ದಾಣಕ್ಕೆ ಭಾವ ಬರಲಿ, ಚಪ್ಪಲಿ ಹಾಕಿಕೊಂಡು.

ಭಯ ಹೋಗಿಲ್ಲ. ಸೂಜಿ ಒಳಗಿರುವಾಗ ತಲೆನೋವು ಬಂದೇ ಬರುತ್ತದೆ, ನೋಡುತ್ತಿರು. ಬಂದರೆ ಬರಲಿ. ಡಾಕ್ಟರಿಗೆ ಒಂದು ಮಾತು ಹೇಳಿಡು: ಯಂತ್ರವನ್ನು ಗುಟ್ಟಾಗಿ ಹಾಕುವ ಹಾಗಿಲ್ಲ. ಹಾಕುವ ಮುಂಚೆ ‘ಈಗ ಹಾಕ್ತಾರೆ ಪುಟ್ಟಿ’ ಎಂದು ನೀನು ನನಗೆ ಹೇಳಬೇಕು, ಆರಿಸಿದ ಮೇಲೆ ‘ಆಯ್ತು’ ಎಂದೂ ನೀನೇ ಹೇಳಬೇಕು. ನಾನು ಮಂಪರಿನಲ್ಲಿದ್ದರೂ ಹೇಳು.

ಭಾವನ ಸೋಪನ್ನು ಬಳಸಿ ಮುಗಿಸಿದೆ. ತಲೆನೋವೇನೂ ಬರಲಿಲ್ಲ.

ನಿನ್ನ ಪುಟ್ಟಿ